ಮಗನ ಥೆರಪಿ, ನಮ್ಮ ಥೆರಪಿ

ನನ್ನ ಲ್ಯಾಪ್‌ಟಾಪಿನಲ್ಲಿ 2018ರ ಸೆಪ್ಟೆಂಬರಿನಿಂದ ಒಂದು ಎಕ್ಸೆಲ್ ಶೀಟ್ ಇದೆ. ಸೋಮವಾರ, ಗುರುವಾರ ಸ್ಪೀಚ್ ಥೆರಪಿ. ಮಂಗಳವಾರ, ಶುಕ್ರವಾರ ಆಕ್ಯುಪೇಷನಲ್ ಥೆರಪಿ. ಶನಿವಾರ ಸ್ಪೆಷಲ್ ಎಜುಕೇಟರ್. ಒಂದೊಂದು ಸೆಷನ್ನಿಗೆ ಎಷ್ಟು ದುಡ್ಡು, ಯಾರು ಕರೆದುಕೊಂಡು ಹೋದರು, ಅವತ್ತು ಮಗ ಏನು ಮಾಡಿದ, ಏನು ಮಾಡಲಿಲ್ಲ, ಎಲ್ಲಕ್ಕೂ ಒಂದೊಂದು ಕಾಲಂ. ಹೆಸರು ಕರೆದಾಗ ತಿರುಗಿ ನೋಡಿದರೆ ಹಸಿರು, ನೆಲಕ್ಕೆ ಬಿದ್ದು ಹೊರಳಾಡಿ ಅತ್ತರೆ ಕೆಂಪು. ಆಫೀಸಿನಲ್ಲಿ ನಾನು ಮಾಡುವುದೂ ಇದೇ ಕೆಲಸ. ಯಾವ ಪ್ರಾಜೆಕ್ಟ್ ಎಲ್ಲಿ ತಡವಾಗುತ್ತಿದೆ ಎಂದು ಬಣ್ಣ ಹಚ್ಚಿ ಮೇಲಿನವರಿಗೆ ತೋರಿಸುವುದು. ಮನೆಗೆ ಬಂದು ಮಗನಿಗೂ ಬಣ್ಣ ಹಚ್ಚಿದೆ. ನಾಲ್ಕು ವರ್ಷ ಒಂದು ದಿನವೂ ಬಿಡದೆ ತುಂಬಿದ್ದೇನೆ. ಅದರಲ್ಲಿ ನನ್ನ ಹೆಸರು, ಹೆಂಡತಿಯ ಹೆಸರು ಬರುವುದು 'ಕರೆದುಕೊಂಡು ಹೋದವರು' ಎಂಬ ಕಾಲಂನಲ್ಲಿ ಮಾತ್ರ.

ಈ ಬರಹ ಮಗನ ಬಗ್ಗೆ ಅಲ್ಲ. ಅವನ ಬಗ್ಗೆ ಬರೆಯಬೇಕಾದರೆ ಅವನ ಒಪ್ಪಿಗೆ ಬೇಕು, ಆ ಒಪ್ಪಿಗೆಯನ್ನು ಹೇಳುವ ದಾರಿ ಅವನಿಗೆ ಇನ್ನೂ ಸಿಕ್ಕಿಲ್ಲ. ಅದಕ್ಕೇ ಅವನ ಹೆಸರನ್ನೂ ಬರೆಯುತ್ತಿಲ್ಲ. ಬರೆಯುತ್ತಿರುವುದು ನಮ್ಮಿಬ್ಬರ ಬಗ್ಗೆ, ಅದರಲ್ಲೂ ಹೆಚ್ಚಾಗಿ ನನ್ನ ಬಗ್ಗೆ.

ನಾನು ಗದಗ ಕಡೆಯವನು, ಹೆಂಡತಿ ಧಾರವಾಡದವಳು. ಪುಣೆಯ ವಾಕಡ್‌ನಲ್ಲಿ ಮನೆ, ಹಿಂಜವಡಿಯಲ್ಲಿ ನನ್ನ ಆಫೀಸು. ಮಗನಿಗೆ ಮೂರು ವರ್ಷವಾದರೂ ಮಾತು ಬಂದಿರಲಿಲ್ಲ. ಆಟಿಕೆ ಕಾರನ್ನು ಮಗುಚಿ ಹಾಕಿ ಅದರ ಗಾಲಿಯನ್ನು ತಾಸುಗಟ್ಟಲೆ ತಿರುಗಿಸುತ್ತಿದ್ದ. ಮಕ್ಕಳ ಡಾಕ್ಟರು ಇನ್ನೊಬ್ಬರ ಹತ್ತಿರ ಕಳಿಸಿದರು, ಅವರು ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಸೈಕಾಲಜಿಸ್ಟ್ ಒಂದು ಫಾರಂ ತೆಗೆದರು. ಅದಕ್ಕೆ ಐಎಸ್‌ಎಎ ಎನ್ನುತ್ತಾರೆ, ನಮ್ಮ ದೇಶದಲ್ಲಿ ಆಟಿಸಂ ಎಷ್ಟರಮಟ್ಟಿಗೆ ಇದೆ ಎಂದು ಅಳೆಯಲು ಬಳಸುವ ಪಟ್ಟಿ. 40 ಅಂಶಗಳು, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಕಣ್ಣು ಕೂಡಿಸುತ್ತಾನಾ, ಒಬ್ಬನೇ ನಗುತ್ತಾನಾ, ನೋವಾದರೆ ಗೊತ್ತಾಗುತ್ತದಾ. ನಲವತ್ತಕ್ಕೂ ಉತ್ತರ ಕೊಟ್ಟೆವು. ಕೂಡಿಸಿ ಬರೆದರು. ಮುಂದಿನ ವಾರದಿಂದ ಯಾವ ಯಾವ ಥೆರಪಿ ಎಂದು ಒಂದು ಚೀಟಿ ಕೊಟ್ಟರು. ಹೊರಗೆ ಬಂದಾಗ ಪಾರ್ಕಿಂಗಿನಲ್ಲಿ ಹೆಂಡತಿ ಸ್ಕೂಟರಿಗೆ ಆತುಕೊಂಡು ನಿಂತಳು, ಬಹಳ ಹೊತ್ತು. ನಾನು ಫೋನಿನಲ್ಲಿ ಥೆರಪಿ ಸೆಂಟರುಗಳ ರೇಟಿಂಗ್ ನೋಡುತ್ತಿದ್ದೆ. ಅವಳನ್ನು ಏನಾದರೂ ಕೇಳಬೇಕಿತ್ತು ಎಂಬುದು ಈಗ ಹೊಳೆಯುತ್ತದೆ.

ಆ ಚೀಟಿಯ ಜೊತೆ ಇನ್ನೊಂದು ಮಾತೂ ಬಂತು. ಮೊದಲ ಸ್ಪೀಚ್ ಥೆರಪಿ ಸೆಂಟರಿನವರು, "ಮನೆಯಲ್ಲಿ ಎಷ್ಟು ಭಾಷೆ ಮಾತಾಡುತ್ತೀರಿ?" ಎಂದು ಕೇಳಿದರು. ಕನ್ನಡ, ಕೆಲಸದಾಕೆಯ ಜೊತೆ ಮರಾಠಿ, ಪಕ್ಕದ ಮನೆಯವರ ಜೊತೆ ಹಿಂದಿ, ಟಿವಿಯಲ್ಲಿ ಇಂಗ್ಲಿಷ್. ಅವರು ತಲೆ ಅಲ್ಲಾಡಿಸಿದರು. "ಮಗುವಿಗೆ ಗೊಂದಲ ಆಗುತ್ತಿದೆ. ಇನ್ನು ಮೇಲೆ ಒಂದೇ ಭಾಷೆ. ಇಂಗ್ಲಿಷ್ ಇಟ್ಟುಕೊಳ್ಳಿ, ಸ್ಕೂಲಿಗೂ ಅನುಕೂಲ." ನಾವು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ದಿನ ಸಂಜೆಯಿಂದಲೇ ಮನೆಯಲ್ಲಿ ಕನ್ನಡ ಬಂದ್.

ಆಗ ನಮ್ಮ ಜೊತೆ ಅವ್ವ ಇದ್ದಳು. ಮೊಮ್ಮಗನನ್ನು ನೋಡಿಕೊಳ್ಳಲೆಂದು ಊರು ಬಿಟ್ಟು ಬಂದವಳು. ಅವಳಿಗೆ ವಿಷಯ ಹೇಳಿದಾಗ ಒಂದು ಕ್ಷಣ ನನ್ನ ಮುಖ ನೋಡಿದಳು. "ಹಂಗಾದ್ರ ನಾ ಕೂಸಿನ ಕೂಡ ಹೆಂಗ ಮಾತಾಡ್ಲೋ ತಮ್ಮಾ? ನನಗ ಬರೂದು ಇದೊಂದ ಭಾಷಾ." ನಾನು ಆಕೆಗೆ ಹತ್ತು ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಕಮ್, ಸಿಟ್, ಈಟ್, ವಾಟರ್. ಅವ್ವ ಕಲಿತಳು ಕೂಡ. ಬಿಸಿ ರೊಟ್ಟಿ ಮುರಿದು ಹಿಡಿದುಕೊಂಡು "ಈಟ್, ಈಟ್" ಎನ್ನುತ್ತಿದ್ದಳು. ಮೊದಲು ಅದೇ ರೊಟ್ಟಿಯನ್ನು ತಿನ್ನಿಸುವಾಗ ಗುಬ್ಬಿ, ಕಾಗೆ, ಹೊಲದ ದಾರಿ, ಸತ್ತುಹೋದ ಎತ್ತು ಎಲ್ಲ ಬರುತ್ತಿದ್ದವು. ಈಗ ಬರೀ ಈಟ್. ಮೂರು ತಿಂಗಳಾದ ಮೇಲೆ, "ಇಲ್ಲಿ ನಾ ಇದ್ದರೂ ಅಷ್ಟ, ಇಲ್ಲದಿದ್ದರೂ ಅಷ್ಟ. ಊರಾಗ ಶೇಂಗಾ ಬಿಡಸೋ ಕೆಲಸರೆ ಐತಿ" ಎಂದು ಹೇಳಿ ಬಸ್ ಹತ್ತಿದಳು. ನಾನು ಅದನ್ನೂ ಸಮಸ್ಯೆ ಎಂದು ತಿಳಿಯಲಿಲ್ಲ. ವಯಸ್ಸಾದವರಿಗೆ ಊರಿನ ನೆನಪು ಎಂದುಕೊಂಡೆ.

ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಇರುವ ಮಗುವಿಗೆ ಹಾನಿ ಎಂಬುದಕ್ಕೆ ಆಧಾರವಿಲ್ಲ, ತಂದೆ ತಾಯಿ ತಮಗೆ ಸಲೀಸಾದ ಭಾಷೆಯಲ್ಲಿ ಮಾತಾಡುವುದೇ ಒಳ್ಳೆಯದು ಎಂದು ಈಗಿನ ತಜ್ಞರು ಹೇಳುತ್ತಾರೆ. ಅದು ನಮಗೆ ಗೊತ್ತಾಗಿದ್ದು ಐದು ವರ್ಷ ತಡವಾಗಿ. ಮಹಾನಗರಗಳಲ್ಲಿರುವ ನಮ್ಮಂಥವರಿಗೆ ಈ ಸಲಹೆ ಇವತ್ತಿಗೂ ಸಿಗುತ್ತಿದೆ ಎಂದು ಕೇಳುತ್ತೇನೆ, ಅದಕ್ಕೇ ಇಷ್ಟು ಉದ್ದ ಬರೆದೆ.

2019ರಲ್ಲಿ ಹೆಂಡತಿ ಕೆಲಸ ಬಿಟ್ಟಳು. ಅವಳದೂ ಐಟಿಯೇ, ನನಗಿಂತ ಒಳ್ಳೆಯ ಸಂಬಳ. ಇಬ್ಬರಲ್ಲಿ ಒಬ್ಬರು ಬಿಡಬೇಕು ಎಂಬ ಮಾತು ಬಂತು. ಯಾರು ಎಂಬ ಮಾತು ಬರಲೇ ಇಲ್ಲ, ಅದು ಮೊದಲೇ ನಿರ್ಧಾರವಾದಂತೆ ಇತ್ತು. ಮರುವರ್ಷ ಮಾರ್ಚಿನಲ್ಲಿ ಲಾಕ್‌ಡೌನ್. ಥೆರಪಿ ಸೆಂಟರುಗಳಿಗೆಲ್ಲ ಬೀಗ. ವಿಡಿಯೋ ಕಾಲ್‌ನಲ್ಲಿ ಸ್ಪೀಚ್ ಥೆರಪಿ ನಡೆಸಿ ನೋಡಿದರು. ಮಗ ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಕೂತ. ನನಗೆ ಬೆಡ್‌ರೂಮೇ ಆಫೀಸು, ಬಾಗಿಲು ಹಾಕಿಕೊಂಡು ಕೂತರೆ ರಾತ್ರಿಯೇ ಹೊರಗೆ ಬರುವುದು. ಹೊರಗೆ ಅವಳು, ಅವನು, ಒಂದು ಹಾಲ್, ಒಂದು ಬಾಲ್ಕನಿ. ಊರಿಂದ ಸಂಬಂಧಿಕರ ಫೋನು ಬರುತ್ತಿತ್ತು. "ಇಬ್ಬರೂ ದುಡಿಯಾಕ ಹೋದ್ರ ಕೂಸಿನ ಕೂಡ ಮಾತಾಡವರ ಯಾರು? ಅದಕ್ಕ ಹಿಂಗಾಗೇತಿ." ಒಬ್ಬರು ಮೊಬೈಲ್ ಕೊಟ್ಟಿದ್ದಕ್ಕೆ ಎಂದರು, ಇನ್ನೊಬ್ಬರು ಬಸುರಿದ್ದಾಗ ಆಫೀಸಿಗೆ ಹೋಗಿದ್ದಕ್ಕೆ ಎಂದರು. ಹೇಳಿದ್ದೆಲ್ಲ ಅವಳಿಗೆ, ನನಗಲ್ಲ.

ಇದು ನಮ್ಮ ಊರಿನ ಮಂದಿಯ ಅಜ್ಞಾನ ಎಂದು ತಿಳಿದಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ದೊಡ್ಡ ದೊಡ್ಡ ಡಾಕ್ಟರುಗಳೇ ಇದನ್ನು ಮೊದಲು ಹೇಳಿದವರು. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಮೊದಲ ಪ್ರಸಿದ್ಧ ಲೇಖನ ಬರೆದಾಗಲೇ, ಆ ಮಕ್ಕಳ ತಂದೆ ತಾಯಿಗಳಲ್ಲಿ ಅಕ್ಕರೆ ಕಡಿಮೆ ಎಂದು ಬರೆದಿಟ್ಟಿದ್ದ. 'ಫ್ರಿಜ್ಜಿನಂಥ ತಾಯಿ' ಎಂಬ ಮಾತೇ ಹುಟ್ಟಿಕೊಂಡಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಒಂದು ಇಡೀ ಪುಸ್ತಕದಲ್ಲಿ ತಾಯಂದಿರನ್ನು ಕಟಕಟೆಯಲ್ಲಿ ನಿಲ್ಲಿಸಿದ. ಅದಕ್ಕೆ ಮೂರು ವರ್ಷ ಮುಂಚೆಯೇ ಅದು ತಪ್ಪು, ಆಟಿಸಂ ಹುಟ್ಟಿನಿಂದ ಬರುವ ಮೆದುಳಿನ ವ್ಯತ್ಯಾಸ ಎಂದು ವಾದಿಸಿ ಬರೆದವನು ಬರ್ನಾರ್ಡ್ ರಿಮ್‌ಲ್ಯಾಂಡ್. ಅವನು ಸೈಕಾಲಜಿಸ್ಟ್ ಹೌದು, ಆದರೆ ಅದಕ್ಕಿಂತ ಮುಖ್ಯವಾಗಿ ಆಟಿಸಂ ಇದ್ದ ಹುಡುಗನ ಅಪ್ಪ. 1965ರಲ್ಲಿ ಅವನೂ ಬೇರೆ ಪೋಷಕರೂ ಸೇರಿ ಅಮೆರಿಕದಲ್ಲಿ ಸಂಘ ಕಟ್ಟಿದರು. ನಮ್ಮಲ್ಲಿ 1991ರಲ್ಲಿ ದೆಹಲಿಯಲ್ಲಿ 'ಆಕ್ಷನ್ ಫಾರ್ ಆಟಿಸಂ' ಶುರು ಮಾಡಿದ ಮೆರಿ ಬರುವಾ ಕೂಡ ಒಬ್ಬ ತಾಯಿ. ಅಲ್ಲಿ ತಂದೆ ತಾಯಿಯರು ಮಗುವಿನ ಜೊತೆ ಬಂದು ಕಲಿಯುವ ತರಬೇತಿಯೂ ಇದೆ. ಪೋಷಕರ ಮೇಲಿನ ಆರೋಪವನ್ನು ಕೊನೆಗೆ ಪೋಷಕರೇ ಒಟ್ಟುಗೂಡಿ ತೊಳೆಯಬೇಕಾಯಿತು.

ಇದೆಲ್ಲ ಆಗ ಗೊತ್ತಿರಲಿಲ್ಲ. ಹೆಂಡತಿ ಮಾತ್ರ 2021ರ ಕೊನೆಗೆ ಎಲ್ಲಿಂದಲೋ ಒಂದು ಪೋಷಕರ ಗುಂಪು ಹುಡುಕಿಕೊಂಡಳು. ತಿಂಗಳ ಎರಡನೇ ಶನಿವಾರ ಹೋಗಿ ಎರಡು ತಾಸು ಕೂತು ಬರುತ್ತಿದ್ದಳು. ಆ ಎರಡು ತಾಸು ಮಗ ನನ್ನ ಪಾಲಿಗೆ. ಅದು ಹೆಂಗಸರ ಕಿಟ್ಟಿ ಪಾರ್ಟಿಯ ಥರ ಏನೋ, ಅತ್ತುಕೊಂಡು ಸಮಾಧಾನ ಮಾಡಿಕೊಳ್ಳುವ ಜಾಗ ಎಂದು ನನ್ನ ಅಂದಾಜು. ಅತ್ತರೆ ಏನು ಸಿಗುತ್ತದೆ, ಅದೇ ಹೊತ್ತಿಗೆ ಇನ್ನೊಂದು ಸೆಷನ್ ಹಾಕಿಸಬಹುದಲ್ಲ ಎಂದು ಒಮ್ಮೆ ಹೇಳಿಯೂ ಬಿಟ್ಟೆ. ಅವಳು ಉತ್ತರ ಕೊಡಲಿಲ್ಲ.

2022ರ ಜುಲೈ. ಪುಣೆಯ ಮಳೆ. ಎರಡು ವಾರದಿಂದ ಮಗ ರಾತ್ರಿ ಒಂದೂವರೆಗೆ ಎದ್ದು ನಾಲ್ಕರವರೆಗೆ ಮನೆ ತುಂಬ ಓಡುತ್ತಿದ್ದ. ನನಗೆ ಅದೇ ವಾರ ಒಂದು ರಿಲೀಸ್, ಅಮೆರಿಕದವರ ಜೊತೆ ರಾತ್ರಿ ಕಾಲ್. ಅವನು ಸ್ಟೀಲ್ ತಾಟನ್ನು ನೆಲಕ್ಕೆ ಬಡಿಯುವುದು, ನಾನು ಮ್ಯೂಟ್ ಒತ್ತುವುದು. ಮತ್ತೆ ಬಡಿಯುವುದು, ಮತ್ತೆ ಮ್ಯೂಟ್. ಕಾಲ್ ಮುಗಿಸಿ ಹೊರಗೆ ಬಂದೆ. ತಾಟು ಕಿತ್ತುಕೊಂಡೆ. ಅವನು ಕಿರುಚಿದ. ನಾನು ಹೊಡೆದೆ. ಬೆನ್ನ ಮೇಲೆ, ಜೋರಾಗಿ. ಅವನು ಅಳಲಿಲ್ಲ. ಏನಾಯಿತು ಎಂದು ತಿಳಿಯದವನಂತೆ ನನ್ನ ಕೈಯನ್ನೇ ನೋಡಿದ. ಮುಖವನ್ನಲ್ಲ, ಕೈಯನ್ನು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಏನೂ ಅನ್ನದೆ ಅವನನ್ನು ಎತ್ತಿಕೊಂಡು ಒಳಗೆ ಹೋದಳು. ಏಳು ವರ್ಷದ ಹುಡುಗ, ಎತ್ತಿಕೊಳ್ಳುವ ವಯಸ್ಸಲ್ಲ.

ಬೆಳಿಗ್ಗೆ ಶೀಟ್ ತೆರೆದು ಆ ದಿನಕ್ಕೆ ಯಾವ ಬಣ್ಣ ಹಚ್ಚಬೇಕೆಂದು ಕೂತೆ. ಹಚ್ಚಲಿಲ್ಲ. ಅಲ್ಲಿಂದ ಮುಂದೆ ಆ ಶೀಟ್ ಖಾಲಿ.

ಐಟಿಯವರಿಗೆ ಗೊತ್ತಿರುತ್ತದೆ, ಕಂಪನಿಗಳಲ್ಲಿ ನೌಕರರಿಗೆಂದು ಗುಟ್ಟಾಗಿ ಮಾತಾಡುವ ಕೌನ್ಸೆಲಿಂಗ್ ಸೌಲಭ್ಯ ಇರುತ್ತದೆ. ಇಮೇಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅದರ ನಂಬರು. ಮೊದಲು ಅಲ್ಲಿಗೇ ಫೋನ್ ಮಾಡಿದೆ. ಆ ಕಡೆ ಒಬ್ಬ ಹುಡುಗಿ, ಒಳ್ಳೆಯವಳೇ, ಇಂಗ್ಲಿಷಿನಲ್ಲಿ ಮಾತಾಡಿದಳು. ನಾನೂ ಇಂಗ್ಲಿಷಿನಲ್ಲಿ ಹೇಳಿದೆ, 'ಐ ಲಾಸ್ಟ್ ಮೈ ಟೆಂಪರ್ ವಿತ್ ಮೈ ಸನ್'. ಹೇಳಿದ ಕೂಡಲೇ ಅದು ಯಾರೋ ಬೇರೆಯವರ ಮನೆಯಲ್ಲಿ ನಡೆದ ಮಾಮೂಲಿ ವಿಷಯದ ಹಾಗೆ ಕೇಳಿಸಿತು. ಅವಳು ಉಸಿರಾಟದ ವ್ಯಾಯಾಮ ಹೇಳಿಕೊಟ್ಟಳು, ನಿದ್ದೆಯ ಬಗ್ಗೆ ಒಂದು ಪಿಡಿಎಫ್ ಕಳಿಸಿದಳು. ಸುಳ್ಳು ಹೇಳಿರಲಿಲ್ಲ ನಾನು. ಆದರೆ ನಿಜವನ್ನೂ ಹೇಳಿರಲಿಲ್ಲ.

ಆಗಸ್ಟಿನ ಎರಡನೇ ಶುಕ್ರವಾರ ರಾತ್ರಿ ಹೆಂಡತಿ, "ರೀ, ನಾಳೆ ನೀವೂ ಬರ್ರಿ" ಎಂದಳು. ಮಗನನ್ನು ಯಾರು ನೋಡಿಕೊಳ್ಳುವವರು ಎಂದೆ. ಅಲ್ಲಿ ಮಕ್ಕಳಿಗೆ ಬೇರೆ ಕೋಣೆ ಐತಿ, ವಾಲಂಟಿಯರ್ ಇರ್ತಾರ ಎಂದಳು. ನೋಡೋಣ ಎಂದೆ. "ನಾ ಕೇಳಾಕತ್ತಿಲ್ಲ, ಹೇಳಾಕತ್ತೀನಿ."

ಒಂದು ಶಾಲೆಯ ಕೋಣೆ. ಮಕ್ಕಳ ಬೆಂಚುಗಳನ್ನು ಬದಿಗೆ ಸರಿಸಿ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಹನ್ನೊಂದು ಜನ, ಅದರಲ್ಲಿ ಗಂಡಸರು ನಾನು ಸೇರಿ ಇಬ್ಬರು. ಥರ್ಮಾಸಿನಲ್ಲಿ ಚಹಾ. ಮಾತು ಮರಾಠಿ, ಹಿಂದಿ ಬೆರಕೆ. ಮೊದಲಿಗೆ ಎರಡು ನಿಯಮ ಹೇಳಿದರು. ಮಾಹಿತಿಯನ್ನು ಹೊರಗೆ ಯಾರಿಗೆ ಬೇಕಾದರೂ ಹೇಳಬಹುದು, ಇಲ್ಲಿ ಕೇಳಿದ ಕತೆಯನ್ನು ಹೇಳುವಂತಿಲ್ಲ. ಕೇಳದೆ ಸಲಹೆ ಕೊಡುವಂತಿಲ್ಲ. ಎರಡನೆಯದು ನನಗೆ ಬಹಳ ಕಷ್ಟವಾಯಿತು. ಒಬ್ಬರು ಮಾತಾಡುತ್ತಿದ್ದರೆ ನನ್ನ ತಲೆಯಲ್ಲಿ ಪರಿಹಾರದ ಪಟ್ಟಿ ತಯಾರಾಗುತ್ತಿತ್ತು. ನನ್ನ ಪಾಳಿ ಬಂದಾಗ 'ಸಬ್ ಠೀಕ್ ಹೈ' ಎಂದೆ. ಯಾರೂ ಒತ್ತಾಯ ಮಾಡಲಿಲ್ಲ, ನಗಲೂ ಇಲ್ಲ. ಹೆಂಡತಿ ತನ್ನ ಚಹಾದ ಕಪ್ಪನ್ನೇ ನೋಡುತ್ತಿದ್ದಳು.

ಆ ಗುಂಪಿನಿಂದ ಸಿಕ್ಕ ಮಾಹಿತಿ ಮಾತ್ರ ನಾಲ್ಕು ವರ್ಷದಲ್ಲಿ ನನ್ನ ಶೀಟಿಗೆ ಸಿಗದಷ್ಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಒಂದು. ಅದರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗ ಯಾವ ಕಾಗದ ಮೊದಲು ಬೇಕು. ಅದಿದ್ದರೆ ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಆಗ 80ಡಿಡಿ ಅಡಿ 75,000 ರೂಪಾಯಿ, ತೀವ್ರವಾಗಿದ್ದರೆ 1,25,000 ರೂಪಾಯಿ ಕಡಿತ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಅಡಿಯ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷದವರೆಗಿನದು, ಅದರಲ್ಲಿ ಥೆರಪಿಗೂ ಸಿಗುತ್ತದೆ ಎಂಬುದು. ಮಗನಿಗೆ 18 ತುಂಬಿದ ಮೇಲೆ ನಾವು ತಾನೇತಾನಾಗಿ ಅವನ ಗಾರ್ಡಿಯನ್ ಆಗಿ ಉಳಿಯುವುದಿಲ್ಲ, ಅದಕ್ಕೆ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು ಎಂಬುದು. ಆ ಹೊತ್ತಿಗೆ ನಾನು ಸ್ಟೆಮ್ ಸೆಲ್ ಚಿಕಿತ್ಸೆಯ ಒಂದು ಜಾಹೀರಾತು ನೋಡಿ ವಿಚಾರಿಸಲು ಫಾರಂ ತುಂಬಿ ಇಟ್ಟಿದ್ದೆ, ಪಿಎಫ್ ಎಷ್ಟು ತೆಗೆಯಬಹುದು ಎಂದೂ ಲೆಕ್ಕ ಹಾಕಿದ್ದೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಆಟಿಸಂಗೆ ಅದು ಒಪ್ಪಿತ ಚಿಕಿತ್ಸೆಯೇ ಅಲ್ಲ ಎಂದು ಆ ಗುಂಪಿನವರೇ ತೋರಿಸಿದ್ದು. ಆ ಒಂದು ಮಾತಿಗೇ ನಾನು ಜನ್ಮವಿಡೀ ಚಹಾ ತಂದುಕೊಡಬಹುದು.

ಆದರೂ ಆ ರಾತ್ರಿಯ ಮಾತು ಅಲ್ಲಿ ಬಾಯಿಗೆ ಬರಲಿಲ್ಲ. ಹಿಂದಿಯಲ್ಲಿ ಯೋಚಿಸಿದರೆ 'ಗುಸ್ಸಾ ಆ ಗಯಾ ಥಾ' ಎಂದಾಗುತ್ತಿತ್ತು, ಸಿಟ್ಟು ತಾನೇ ಬಂದು ತಾನೇ ಹೊಡೆದ ಹಾಗೆ. ಮೂರನೇ ತಿಂಗಳು ಗುಂಪು ನಡೆಸುವವರೇ ನನ್ನನ್ನು ಪಕ್ಕಕ್ಕೆ ಕರೆದು, "ಗುಂಪಿನಲ್ಲಿ ಎಲ್ಲವೂ ಆಗುವುದಿಲ್ಲ. ನಿಮ್ಮ ಭಾಷೆಯವರು ಯಾರಾದರೂ ಸಿಗುತ್ತಾರಾ ನೋಡಿ, ಒಬ್ಬರೇ ಮಾತಾಡಿ" ಎಂದರು.

ಹುಡುಕುವುದು ಹೇಗೆ ಎಂದು ಕೇಳುವವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ಕೌನ್ಸೆಲರ್ ಎಂದು ಬೋರ್ಡು ಹಾಕಿಕೊಳ್ಳಲು ನಮ್ಮಲ್ಲಿ ಯಾರಿಗೂ ಅಡ್ಡಿಯಿಲ್ಲ, ನಾಲ್ಕು ವಾರದ ಸರ್ಟಿಫಿಕೇಟ್ ಇದ್ದವರೂ ಇರುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಇರಬೇಕು, ಆ ನಂಬರು ಕೇಳಿದರೆ ಸರಿಯಾದವರು ಬೇಸರ ಮಾಡಿಕೊಳ್ಳುವುದಿಲ್ಲ. ನಾನು ಕೇಳಿದೆ, ಮೂರು ಜನರಲ್ಲಿ ಒಬ್ಬರು ಬೇಸರ ಮಾಡಿಕೊಂಡರು, ಅವರನ್ನು ಬಿಟ್ಟೆ. ಇನ್ನೊಬ್ಬರು ಮಗನ ಬಗ್ಗೆಯೇ ಕೇಳುತ್ತ ಹೋದರು. ಮೂರನೆಯವರು ಮೈಸೂರಿನವರು, ಆನ್‌ಲೈನ್‌ನಲ್ಲಿ ಸಿಕ್ಕರು. ವಾರಕ್ಕೊಮ್ಮೆ 50 ನಿಮಿಷ, 1,200 ರೂಪಾಯಿ. ದುಡ್ಡು ಕಟ್ಟಲಾಗದ ಹೊತ್ತಿನಲ್ಲಿ, ಅಥವಾ ನಡುರಾತ್ರಿಯಲ್ಲಿ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ, ನಂಬರು 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಪುಕ್ಕಟೆ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಆ ಜುಲೈ ರಾತ್ರಿ ಅದು ಇರಲಿಲ್ಲ.

ಮೊದಲ ಸೆಷನ್ ನಾನು ಕಾರಿನಲ್ಲಿ ಕೂತು ಮಾತಾಡಿದೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಮನೆಯಲ್ಲಿ ಬೇರೆ ಜಾಗವೆಲ್ಲಿ? ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅವರು, "ಕನ್ನಡದಲ್ಲೇ ಹೇಳಿ, ನಿಮ್ಮ ಕನ್ನಡದಲ್ಲಿ" ಎಂದರು. ಮಳೆ, ತಾಟು, ಕಾಲ್ ಎಲ್ಲ ಹೇಳಿಕೊಂಡು ಬಂದೆ. ಕೊನೆಗೆ, "ಹೊಡದೆ ರೀ" ಎಂದೆ. ಅಷ್ಟೇ. ಕನ್ನಡದಲ್ಲಿ ಆ ಪದಕ್ಕೆ ಮುಚ್ಚಳವಿಲ್ಲ. ನಾನು ಊರಲ್ಲಿ ಅಪ್ಪನಿಂದ ತಿಂದ ಏಟಿಗೂ ಅದೇ ಪದ, ಅವ್ವ ಅಡ್ಡ ಬಂದು ತಿಂದ ಏಟಿಗೂ ಅದೇ. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು, ಅವನ ನೆನಪು ಇದರಲ್ಲಿ ಎಲ್ಲಿಂದ ಬಂತೋ. ಬೇಸ್‌ಮೆಂಟಿನಲ್ಲಿ ವಾಚ್‌ಮನ್ ಒಮ್ಮೆ ಕಾರಿನೊಳಗೆ ಇಣುಕಿ ನೋಡಿ ಹೋದ. ಆ ಕಡೆಯಿಂದ ಅವರು, "ಹೊಡೆದ್ರಿ. ಆಮೇಲೆ?" ಎಂದರು. ಛೀ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಪರವಾಗಿಲ್ಲ ಎಂದಿದ್ದರೆ ನಾನು ಎರಡನೇ ಸಲ ಹೋಗುತ್ತಿರಲಿಲ್ಲ ಎನಿಸುತ್ತದೆ.

ಆಮೇಲಿನ ಹತ್ತು ಹದಿನೈದು ವಾರ ದೊಡ್ಡ ಪವಾಡವೇನೂ ನಡೆಯಲಿಲ್ಲ. ಅವರು ಕೇಳಿದ್ದು ಬಹಳ ಸಣ್ಣ ಪ್ರಶ್ನೆಗಳು. ಆ ರಾತ್ರಿಗೆ ಮುಂಚಿನ ಎರಡು ವಾರ ಎಷ್ಟು ತಾಸು ಮಲಗಿದ್ದಿರಿ? ಹೆಂಡತಿ ಎಷ್ಟು ತಾಸು? ಸಿಟ್ಟು ಬರುವ ಮುಂಚೆ ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ? ನನಗೆ ದವಡೆಯಲ್ಲಿ ಗೊತ್ತಾಗುತ್ತದೆ, ಅದನ್ನು ಕಂಡುಕೊಳ್ಳಲು ಒಂದು ತಿಂಗಳು ಬೇಕಾಯಿತು. ರಾತ್ರಿಗೆ ಪಾಳಿ ಹಚ್ಚಿಕೊಂಡೆವು, ಒಂದು ದಿನ ನಾನು, ಒಂದು ದಿನ ಅವಳು. ಪಾಳಿಯಿಲ್ಲದವರು ಬೇರೆ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಬೇಕು. ದವಡೆ ಬಿಗಿಯಾದರೆ "ನೀ ತಗೋ" ಎಂದು ಒಂದೇ ಮಾತು ಹೇಳಿ ಬಾಲ್ಕನಿಗೆ ಹೋಗುವುದು, ಕಾರಣ ಹೇಳಬೇಕಿಲ್ಲ, ಇನ್ನೊಬ್ಬರು ಕೇಳುವಂತಿಲ್ಲ. ಮ್ಯಾನೇಜರಿಗೆ ಮನೆಯ ವಿಷಯ ಹೇಳಿ ರಾತ್ರಿ ಕಾಲ್ ಬಿಡಿಸಿಕೊಂಡೆ. ಆ ವರ್ಷದ ಪ್ರಮೋಷನ್ ಬರಲಿಲ್ಲ, ಇದಕ್ಕೇ ಎಂದು ಯಾರೂ ಹೇಳಲಿಲ್ಲ. ಮತ್ತೆ ಹೊಡೆದಿಲ್ಲ. ಎರಡು ಸಲ ಕೈ ಎದ್ದಿದೆ, ಅದನ್ನೂ ಅವರಿಗೆ ಹೇಳಿದೆ.

ಶೀಟಿನ ವಿಷಯವೂ ಒಂದು ದಿನ ಬಂತು. ಹಸಿರು, ಕೆಂಪು ಎಂದೆ. "ಯಾರ ಜೊತೆ ಹೋಲಿಸಿ ಕೆಂಪು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇತ್ತು, ಹೇಳಲು ನಾಚಿಕೆಯಾಯಿತು. ಮಗ ಹುಟ್ಟುವ ಮೊದಲೇ ನನ್ನ ತಲೆಯಲ್ಲಿ ಒಬ್ಬ ಹುಡುಗನಿದ್ದ. ಬೇಸಿಗೆ ರಜೆಯಲ್ಲಿ ಗದಗಿನ ಓಣಿಯಲ್ಲಿ ಕ್ರಿಕೆಟ್ ಆಡುವವನು, ನನ್ನ ಜೊತೆ ಜಗಳ ಆಡಿ ಬೈಕ್ ಕೇಳುವವನು. ನಾಲ್ಕು ವರ್ಷ ದಿನಾಲು ನಾನು ಇವನನ್ನು ಅವನ ಪಕ್ಕದಲ್ಲಿ ನಿಲ್ಲಿಸಿ ಅಂಕ ಕೊಡುತ್ತಿದ್ದೆ. ಹೆಂಡತಿಗೆ ಇದನ್ನು ಹೇಳಿದಾಗ, "ನನ್ನ ತಲ್ಯಾಗಿದ್ದ ಹುಡುಗ ಹಾಡ್ತಿದ್ದ" ಎಂದಳು. ಹತ್ತು ವರ್ಷದ ಸಂಸಾರದಲ್ಲಿ ನಮ್ಮಿಬ್ಬರ ನಡುವೆ ಆ ಮಾತು ಬಂದದ್ದು ಅದೇ ಮೊದಲು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಒಂದೂವರೆ ತಾಸು ಮಾತಾಡಿದೆವು. ಪಾರ್ಕಿಂಗಿನಲ್ಲಿ ಕೇಳದೆ ಬಿಟ್ಟಿದ್ದನ್ನೂ ಅವತ್ತು ಕೇಳಿದೆ.

ಭಾಷೆಯ ವಿಷಯ ಎತ್ತಿದ್ದೂ ಆ ಮೈಸೂರಿನವರೇ. ಮನೆಯಲ್ಲಿ ನೀವಿಬ್ಬರೂ ಮಗನ ಜೊತೆ ಯಾವ ಭಾಷೆ ಎಂದು ಕೇಳಿ, ಕಾರಣ ಕೇಳಿ, ಸುಮ್ಮನಾದರು. ಬೇರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಇನ್ನೊಮ್ಮೆ ವಿಚಾರಿಸಿ ಎಂದರು. ವಿಚಾರಿಸಿದೆವು. 2023ರ ಯುಗಾದಿಗೆ ಊರಿಗೆ ಹೋಗಿ ಅವ್ವನನ್ನು ಕರೆದೆ. ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. "ಈಗ ಕನ್ನಡ ನಡೀತದೇನು?" ಎಂದು ಕೇಳಿದಳು. ವ್ಯಂಗ್ಯ ಇರಲಿಲ್ಲ ಅದರಲ್ಲಿ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಅದಕ್ಕೇ ಹೆಚ್ಚು ಚುಚ್ಚಿತು. ತಪ್ಪಾಯಿತು ಎಂದೆ. "ನಿನಗ ಗೊತ್ತಿರಲಿಲ್ಲ" ಎಂದು ಮೊರ ಕೆಳಗಿಟ್ಟು ಎದ್ದಳು. ಈಗ ವರ್ಷದಲ್ಲಿ ಆರು ತಿಂಗಳು ನಮ್ಮ ಜೊತೆ ಇರುತ್ತಾಳೆ. ಮಗ ಹೆಚ್ಚು ಮಾತಾಡುವುದಿಲ್ಲ. ಟ್ಯಾಬ್‌ನಲ್ಲಿ ಚಿತ್ರ ಒತ್ತಿ ಕೇಳುತ್ತಾನೆ, ಬಾಯಿಂದ ಬರುವ ಪದಗಳು ಒಂದಿಪ್ಪತ್ತು, ಅದರಲ್ಲಿ ಆರು ಕನ್ನಡ. ಬಹಳ ಬಳಸುವುದು 'ಸಾಕು'. ಅವ್ವನ ಎತ್ತಿನ ಕತೆ ಉದ್ದವಾದಾಗ ಆಕೆಯ ಬಾಯಿಯ ಮೇಲೆ ಕೈ ಇಟ್ಟು ಸಾಕು ಎನ್ನುತ್ತಾನೆ. ಆಕೆ ಬಿದ್ದು ಬಿದ್ದು ನಗುತ್ತಾಳೆ.

ಪುಣೆಯ ಗುಂಪಿಗೆ ಈಗಲೂ ಹೋಗುತ್ತೇನೆ. ಗಂಡಸರು ಈಗ ನಾಲ್ಕು. ಅದರ ಜೊತೆಗೆ ಕಳೆದ ವರ್ಷ ಇನ್ನೊಂದನ್ನು ಶುರು ಮಾಡಿದೆವು, ಹದಿನೈದು ದಿನಕ್ಕೊಮ್ಮೆ ಭಾನುವಾರ ರಾತ್ರಿ ಒಂಬತ್ತೂವರೆಗೆ, ಮಕ್ಕಳು ಮಲಗಿದ ಮೇಲೆ, ವಿಡಿಯೋ ಕಾಲ್‌ನಲ್ಲಿ. ಹೈದರಾಬಾದಿನ ಒಂದು ಮನೆ, ಚೆನ್ನೈನ ಎರಡು, ಠಾಣೆಯ ಒಂದು, ನಾವು. ಎಲ್ಲರೂ ಕನ್ನಡದವರು, ಒಬ್ಬೊಬ್ಬರದು ಒಂದೊಂದು ಕನ್ನಡ. ನಾವು ಥೆರಪಿಸ್ಟ್‌ಗಳಲ್ಲ, ಯಾರಿಗೂ ಚಿಕಿತ್ಸೆ ಕೊಡುವುದಿಲ್ಲ. ಅಗತ್ಯ ಇದ್ದವರಿಗೆ ಸರಿಯಾದವರ ಹತ್ತಿರ ಹೋಗಿ ಎಂದು ಹೇಳುತ್ತೇವೆ. ಕೂತು ಕೇಳುತ್ತೇವೆ, ಅಷ್ಟೇ. ಮೊದಲ ನಿಮಿಷದಲ್ಲಿ ಅದೇ ಎರಡು ನಿಯಮ.

ಠಾಣೆಯ ಅಪ್ಪ ಮೊದಲ ಎರಡು ಸಲ ಕ್ಯಾಮೆರಾ ಹಾಕಲಿಲ್ಲ. ಅವರ ಪಾಳಿ ಬಂದಾಗ ಮ್ಯೂಟ್ ತೆಗೆದರು, ಫ್ಯಾನಿನ ಸದ್ದು ಕೇಳಿಸಿತು, ಮತ್ತೆ ಮ್ಯೂಟ್ ಹಾಕಿದರು. ನಾವು ಕಾದೆವು. ಮೂರನೇ ಸಲ ಮಾತಾಡಿದರು. ಹತ್ತೂವರೆಗೆ ಮುಗಿಯಬೇಕಾದದ್ದು ಹನ್ನೊಂದೂಮುಕ್ಕಾಲು ಆಯಿತು. ಏನು ಹೇಳಿದರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.